ನಿಂತು ತೊಳೆಯುವ ಕೆಲಸ

ನೀರಿನ ರಭಸದಿಂದ ನೆಲ ತೊಳೆಯುವ ಮಷೀನುಗಳ ಅಂಗಡಿಯ ಚನ್ನವೀರ ಚಿಕ್ಕ ಮಷೀನಿನ ಗನ್ನು ಹಿಡಿದು ಒತ್ತಿದ. ಅಂಗಡಿಯ ಹಿತ್ತಲಲ್ಲಿ, ಜನರೇಟರಿನ ಎಣ್ಣೆ ಸೋರಿ ಸೋರಿ ಕಪ್ಪಾಗಿದ್ದ ನೆಲಕ್ಕೆ ನೀರು ಸರ್ರನೆ ಬಡಿಯಿತು. ಧೂಳು ಹೋಯಿತು. ಎಣ್ಣೆಯ ಕಪ್ಪು ಹಾಗೇ ಉಳಿಯಿತು.

"ಇದು ಹಗುರ ಮಷೀನ್ರೀ. ಎಣ್ಣಿ ಜಿಡ್ಡಿದ್ರ ಮ್ಯಾಲೆ ಒಂದ್ ಸಲ ಬ್ರಷ್ ಹಾಕಬೇಕಾಗ್ತದ," ಎಂದ.

"ಬ್ರಷ್ ಹಾಕಾಕ ನಾ ಇಲ್ಲೇನು?" ಎಂದಳು ಕರೆಮ್ಮ ತಟ್ಟನೆ. ಸ್ವಪ್ನಾ ಬಗ್ಗಿ ಎಣ್ಣೆಯ ಕಪ್ಪನ್ನು ಬೆರಳಿನಿಂದ ಉಜ್ಜಿ ನೋಡಿದಳು. ಹೀರಾಬಿ ನೆಲವನ್ನೇ ನೋಡುತ್ತ ನಿಂತಳು.

ಮಾನ್ವಿಯ ಫಂಕ್ಷನ್ ಹಾಲ್‌ಗಳಲ್ಲಿ ಮದುವೆ ಮುಗಿದ ಮೇಲೆ ಅಡುಗೆಯ ನೆಲ ತೊಳೆಯುವುದು ಈ ಮೂವರ ಕೆಲಸ. ಕೆಲಸ ಹಿಡಿದು ತರುವವಳು ಸ್ವಪ್ನಾ. ದೇವದುರ್ಗದ ಹೊಸ ಹಾಲ್‌ನವರು ಮಷೀನಿದ್ದರೆ ಮಾತ್ರ ಬನ್ನಿ ಅಂದಿದ್ದರಿಂದ ಇವತ್ತು ಮೂವರೂ ರಾಯಚೂರಿಗೆ ಬಂದಿದ್ದರು. ಬಸ್ಸು ಕಲ್ಲೂರು ದಾಟುವಾಗ ಸ್ವಪ್ನಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ್ದಳು: "ಮಷೀನ್ ಬಂದ್ರ ನನ್ನ ಸಂಗಡ ಒಬ್ಬರಿದ್ರ ಸಾಕಾಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಆ ಒಬ್ಬರು ತಾನಲ್ಲವೆಂದು ಹೀರಾಬಿಗೆ ಗೊತ್ತಿತ್ತು. ಎರಡು ವರ್ಷದಿಂದ ಅವಳ ಮೊಣಕಾಲು ಮಡಚುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಉಜ್ಜುವುದು ಆಗದೆ ಬರೀ ನೀರು ಹೊರುತ್ತಿದ್ದಳು. ಅವಳ ಪಾಲಿನ ಮೂಲೆಗಳನ್ನೂ ಕರೆಮ್ಮನೇ ಉಜ್ಜುತ್ತಿದ್ದಳು. ಉಜ್ಜಿದ್ದನ್ನು ಇವತ್ತಿನವರೆಗೆ ಒಮ್ಮೆಯೂ ಎತ್ತಿ ಆಡಿರಲಿಲ್ಲ. ಹಾಗೆ ಆಡದೆ ಇರುವುದೇ ಹೀರಾಬಿಗೆ ಒಮ್ಮೊಮ್ಮೆ ಭಾರವಾಗುತ್ತಿತ್ತು.

ಚನ್ನವೀರ ದೊಡ್ಡ ಮಷೀನನ್ನು ಉರುಳಿಸಿ ತಂದ. ಹಿತ್ತಾಳೆಯ ಪಂಪು, ಬೆರಳು ದಪ್ಪದ ಪೈಪು. ಗನ್ನು ಒತ್ತಿದಾಗ ಗೋಡೆಗೂ ಸದ್ದು ತಾಕಿತು. ಕಪ್ಪು ನೆಲದಲ್ಲಿ ಮೊಳದಗಲದ ಬಿಳಿ ದಾರಿ ಬಿತ್ತು.

"ಸೋಡಾ ಬ್ಯಾಡ, ಬ್ರಷ್ ಬ್ಯಾಡ, ಕುಂದ್ರೂದೂ ಬ್ಯಾಡ. ನಿಂತು ತೊಳಿಯೂದ್ರೀ! ಹಿಡೀರಿ, ನೀವ ನೋಡ್ರಿ," ಎಂದು ಗನ್ನನ್ನು ಕರೆಮ್ಮನ ಕೈಗೆ ಕೊಟ್ಟ.

ಕರೆಮ್ಮನ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಸಣ್ಣವಳಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋದದ್ದು. ಬ್ರಷ್ಷಿಗೆ ಅದರಿಂದ ಎಂದೂ ತೊಂದರೆಯಾಗಿರಲಿಲ್ಲ. ಈಗ ಅವಳು ನಡುಬೆರಳಿನಿಂದ ಒತ್ತಿದಳು. ಗನ್ನು ಒದ್ದುಕೊಂಡು ಎದ್ದಿತು. ನೀರು ಗೋಡೆಗೆ ಬಡಿದು ಸುಣ್ಣ ಉದುರಿತು, ಸಿಡಿದದ್ದೆಲ್ಲ ಚನ್ನವೀರನ ಮುಖಕ್ಕೆ ರಾಚಿ ಹಣೆಯ ವಿಭೂತಿ ತೊಳೆದುಹೋಯಿತು.

"ಅಯ್ಯ ಯವ್ವಾ, ನೆಲ ತೊಳಿ ಅಂದ್ರ ನನ್ನ ತೊಳದ್ರಲ್ರೀ!"

"ನಿಮಗೂ ಬೇಕಾಗಿತ್ತು ಬಿಡ್ರಿ," ಎಂದಳು ಕರೆಮ್ಮ. ಎಲ್ಲರೂ ನಕ್ಕರು. ಅವಳು ಮತ್ತೆ ಒತ್ತಿದಳು. ಮತ್ತೆ ಗನ್ನು ತಿರುಗಿತು. ಮೂರನೇ ಸಲ ಯಾರೂ ನಗಲಿಲ್ಲ.

"ಅಕ್ಕಾ, ನೀ ಹಿಡಿ," ಎಂದಳು ಸ್ವಪ್ನಾ.

ಹೀರಾಬಿ ಹಿಡಿದಳು. ಕೊಡ ಹೊತ್ತು ಹೊತ್ತು ಬಲಿತ ತೋಳುಗಳಿಗೆ ಆ ಒದೆತ ಏನೂ ಅನಿಸಲಿಲ್ಲ. ಬೆನ್ನು ಬಾಗಿಸದೆ, ಕಾಲು ಮಡಚದೆ, ಒಂದೊಂದೇ ಹೆಜ್ಜೆ ಇಡುತ್ತ ಗೋಡೆಯವರೆಗೂ ನೆಲ ಬಿಳಿ ಮಾಡಿದಳು. ಎಷ್ಟು ಹೊತ್ತು ತೊಳೆದಳೋ ಅವಳಿಗೆ ತಿಳಿಯಲಿಲ್ಲ. ತಿರುಗಿ ನೋಡಿದಾಗ ಸ್ವಪ್ನಾ ನೆಲ ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದಳು.

"ಸಣ್ಣದೇ ಛಲೋ ಅನಸ್ತದ ನಂಗ," ಎಂದಳು ಕರೆಮ್ಮ. ದನಿ ಮೊದಲು ಬ್ರಷ್ಷಿನ ಮಾತಾಡಿದಾಗ ಇದ್ದ ದನಿಯಾಗಿರಲಿಲ್ಲ. "ಎತ್ತಾಕ ಹಗುರ ಅದ. ದೇವದುರ್ಗಕ್ಕ ಬಸ್ಸಿನ್ಯಾಗ ಒಯ್ಯಬೇಕಲ್ಲ? ಜಿಡ್ಡಿಗೆ ಬ್ರಷ್ ನಾ ಹಾಕ್ತೀನಿ. ಹೌದಲ್ಲಕ್ಕಾ?"

ಅದು ಸುಳ್ಳೇನೂ ಆಗಿರಲಿಲ್ಲ. ಹೌದು ಎಂದರೆ ಸಣ್ಣದು ಬರುತ್ತದೆ, ಬ್ರಷ್ಷಿನವಳು ಉಳಿಯುತ್ತಾಳೆ. ಇಲ್ಲ ಎಂದರೆ ದೊಡ್ಡದು ಬರುತ್ತದೆ, ನಿಂತು ತೊಳೆಯುವವಳು ಉಳಿಯುತ್ತಾಳೆ. ಪಂಪು ಆರಿಸಿದ್ದರೂ ಹೀರಾಬಿ ಗನ್ನನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಸ್ವಪ್ನಾ ಕಾದಳು. ಕರೆಮ್ಮ ಕಾದಳು. ಪೈಪಿನ ಬಾಯಿಂದ ಉಳಿದ ನೀರು ತೊಟ್ಟಿಕ್ಕುತ್ತಿತ್ತು.

ಚನ್ನವೀರನಿಗೆ ಸುಮ್ಮನಿರುವ ಗಿರಾಕಿಗಳೆಂದರೆ ಆಗದು. "ದೊಡ್ಡದು ತಗೊಂಡ್ರ ಎರಡು ಜೋಡಿ ರಬ್ಬರ್ ಬೂಟ್ ಫ್ರೀ ಅದಾವ್ರೀ. ನೀರಾಗ ಕಾಲು ಜಾರೂದಿಲ್ಲ. ಯಾರ್ಯಾರಿಗೆ ಬೇಕು, ಸೈಜ್ ಹೇಳಿಬಿಡ್ರಿ."

"ಆರು," ಎಂದಳು ಹೀರಾಬಿ.

ದೊಡ್ಡದೇ ಬೇಕೆಂದು ಇನ್ನೂ ಯಾರೂ ಹೇಳಿರಲಿಲ್ಲ. ಸ್ವಪ್ನಾ ಕರೆಮ್ಮನ ಕಡೆ ನೋಡದೆ, "ನಂದು ಐದು," ಎಂದಳು. ಚನ್ನವೀರ ಒಳಗೆ ಹೋಗಿ ಎರಡು ಜೋಡಿ ತಂದು ನೆಲಕ್ಕಿಟ್ಟ, ಹಾಕಿ ನೋಡಿ ಎಂದ.

ಹೀರಾಬಿ ಗೋಡೆ ಹಿಡಿದು ಒಂದು ಕಾಲೆತ್ತಿದಳು. ಬೂಟಿನ ಬಾಯಿಗೆ ಕಾಲು ತಲುಪಲಿಲ್ಲ. ಬಗ್ಗಲು ನೋಡಿದಳು, ಆಗಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಕರೆಮ್ಮ ಸೀರೆ ಎತ್ತಿ ಸಿಕ್ಕಿಸಿ ಅವಳ ಮುಂದೆ ಒದ್ದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಹೀರಾಬಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಬೂಟಿನೊಳಗೆ ಮೆಲ್ಲಗೆ ಇಳಿಸಿದಳು.

"ಬಿಗಿ ಆಯ್ತೇನಕ್ಕಾ?" ಎಂದು ಕೇಳಿದಳು, ಮುಖ ಎತ್ತದೆ.