ಹಿಡಿಯಲ್ಲೊಂದು ಗುಳಿ

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ, ತುದಿಗಳು ಮುಂದಕ್ಕೆ ಬಾಗಿದ ಹಳೆಯ ರಿಕರ್ವ್ ಬಿಲ್ಲು.

"ದಿನಾ ಧೂಳು ಒರೆಸ್ತೀನಲ್ಲ," ಎಂದಳು ಅವಳು, ಪಾತ್ರೆ ಉಜ್ಜುತ್ತಲೇ.

ಅವನ ಸಂಗ್ರಹದ ಘನವಂತ ಬಿಲ್ಲುಗಳೆಲ್ಲ ಹಜಾರದ ಗಾಜಿನ ಬೀರುಗಳಲ್ಲಿದ್ದವು. ಇದು ಮಾಮೂಲಿಯದೆಂದು ವರ್ಷಗಟ್ಟಲೆ ಹಿತ್ತಿಲ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಅದೇ ತಯಾರಕರ, ಅದೇ ವರ್ಷದ ಇನ್ನೊಂದನ್ನು ನಿನ್ನೆ ಕೊಂಡುತಂದು ಎರಡನ್ನೂ ಪಕ್ಕಪಕ್ಕ ಮಲಗಿಸಿ ನೋಡಿದ್ದೇ ತಡ, ಅವನ ನಿದ್ದೆ ಹಾರಿತು. ಮನೆಯದರ ಹಿಡಿಯಲ್ಲಿ ಹೆಬ್ಬೆರಳು ಕೂರುವಷ್ಟು ನುಣುಪಾದ ಗುಳಿ, ತಂದದ್ದರಲ್ಲಿ ಇಲ್ಲ.

ಅವನ ಕಣ್ಣು ಅಷ್ಟು ಸೂಕ್ಷ್ಮ. ಬಿಲ್ಲಿನ ತುದಿಯ ಬಿಳಿ ಪಟ್ಟಿ ಒಂದೋ ಎರಡೋ ಎಂದು ಬೀದಿಯ ಆಚೆಯಿಂದಲೇ ಹೇಳುತ್ತಿದ್ದ. ಹೆಂಡತಿಗೆ ಕನ್ನಡಕ ಬಂದದ್ದು ಮಾತ್ರ ಅವಳು ಎರಡನೆಯ ಜೋಡಿ ಕೊಳ್ಳುವಾಗ ಗಮನಕ್ಕೆ ಬಂದಿತ್ತು.

ಸಂಜೆ ಸಂಗ್ರಾಹಕ ಮಿತ್ರರಿಬ್ಬರು ಬಂದರು. ಒಬ್ಬರು ನಿವೃತ್ತ ನ್ಯಾಯಾಧೀಶರು, ಇನ್ನೊಬ್ಬ ದಂತವೈದ್ಯ. ಅವಳು ಕಾಫಿ ತಟ್ಟೆ ಹಿಡಿದು ಕಿವಿಗೊಟ್ಟು ನಿಂತಳು. ಗುಳಿಗೆ ಅರ್ಥವಿಲ್ಲವೆಂದಾದರೆ ಬಿಲ್ಲು ಮೊಳೆಗೆ ಮರಳುತ್ತದೆ. ಅಪರೂಪದ್ದೆಂದಾದರೆ ಗಾಜಿನೊಳಗೆ, ಬೀಗದ ಹಿಂದೆ. ಈ ಮನೆಯಲ್ಲಿ ಅವಳಿಗೆ ಬೇಕಾದ ಬಿಲ್ಲು ಅದೊಂದೇ. ಯಾಕೆಂದು ಯಾರೂ ಕೇಳಲಿಲ್ಲ.

"ಸವೆದಿರಬಹುದಲ್ವಾ?" ಎಂದಳು, ಲೋಟ ಇಡುತ್ತ.

ಮೂವರೂ ಅವಳನ್ನು ಎಳೆಗೂಸನ್ನು ನೋಡುವಂತೆ ನೋಡಿದರು.

"ಸವೆಯೋಕೆ ಯಾರಾದ್ರೂ ಹಿಡೀಬೇಕಲ್ಲ, ಅತ್ತಿಗೆ," ದಂತವೈದ್ಯ ನಕ್ಕ. "ಕೊಂಡಾಗ ಹೊಚ್ಚ ಹೊಸದರ ಹಾಗಿತ್ತಂತೆ. ಆಮೇಲೆ ಈ ಮನೇಲಿ ಬಿಲ್ಲು ಹಿಡಿಯೋರು ಯಾರಿದ್ದಾರೆ ಹೇಳಿ?"

"ಅದೂ ಸರೀನೇ," ಎಂದು ಅವಳು ತಟ್ಟೆ ಎತ್ತಿಕೊಂಡಳು.

ಭೂತಗನ್ನಡಿ ಹೊರಬಂತು. ಗುಳಿಯ ಉದ್ದಗಲ ಅಳೆದರು, ಬೆರಳಾಡಿಸಿದರು, ಮೂಸಿಯೂ ನೋಡಿದರು. ದಂತವೈದ್ಯ ಅದರ ಆಳವನ್ನು ಹುಳುಕು ಹಲ್ಲಿನಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದ. ಕೊನೆಗೆ ನ್ಯಾಯಾಧೀಶರು ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು: ಇದು ಕಾರ್ಖಾನೆಯಲ್ಲೇ ಕೊರೆದದ್ದು, ಈವರೆಗೆ ಯಾರ ಕಣ್ಣಿಗೂ ಬೀಳದ ವಿನ್ಯಾಸ, ಹಿಡಿದವರ ಹೆಬ್ಬೆರಳಿನ ಬಗ್ಗೆ ಇಷ್ಟು ಕಾಳಜಿಯಿದ್ದ ಕುಶಲಕರ್ಮಿ ಇನ್ನು ಹುಟ್ಟುವುದಿಲ್ಲ. ಗಂಡನ ಕಣ್ಣು ತುಂಬಿ ಬಂತು. ಮದುವೆಯ ದಿನವೂ ಅವಳು ಅದನ್ನು ಕಂಡಿರಲಿಲ್ಲ.

ಬಿಲ್ಲು ಬೀರು ಸೇರಿತು. ಬೀಗದ ಕೈ ಅವನ ಜೇಬು ಸೇರಿತು. ಖಾಲಿ ಮೊಳೆಗೆ, ಗುಳಿಯಿಲ್ಲದ ಬಡಪಾಯಿಯನ್ನು ನೇತುಹಾಕಿದ.

ಮರುದಿನ ಗಂಡನ ಸ್ಕೂಟರು ತಿರುವು ದಾಟಿದ ಮೇಲೆ ಅವಳು ಆ ಬಡಪಾಯಿಯನ್ನು ಇಳಿಸಿ, ಕಾಲಿಗೆ ಒತ್ತಿ ಬಗ್ಗಿಸಿ ಹೆದೆ ಏರಿಸಿ, ಎಂದಿನಂತೆ ಹಿತ್ತಿಲ ಹುಲ್ಲಿನ ಗುರಿಯ ನಟ್ಟನಡುವೆ ಬಾಣ ನೆಟ್ಟಳು. ಹೆಬ್ಬೆರಳಿಗೆ ಮಾತ್ರ ಇನ್ನೂ ಜಾಗ ಆಗಿರಲಿಲ್ಲ.