ವಾರಿಜಳ ಮನೆಯ ಹಲ್ಲಿಪೆಟ್ಟಿಗೆ

ಆ ಊರಿನಲ್ಲಿ ಹಲ್ಲಿ ಲೊಚಗುಟ್ಟದೆ ಯಾರ ಮಾತನ್ನೂ ಯಾರೂ ನಂಬುತ್ತಿರಲಿಲ್ಲ. ಅದರ ಸಣ್ಣ ದನಿಯನ್ನು ಹಿಗ್ಗಿಸಿ ದೀಪ ಹೊತ್ತಿಸುವ ಪೆಟ್ಟಿಗೆ ಎಲ್ಲರ ಮನೆಯ ಗೋಡೆಯಲ್ಲೂ ಇತ್ತು. ರಿಪೇರಿಯ ಇಂದ್ರಾಣಿ ವಾರಿಜಳ ಮನೆಗೆ ಬಂದಾಗ ಹೆಣ್ಣು ನೋಡುವ ಶಾಸ್ತ್ರ ನಡೆದಿತ್ತು. ದೀಪ ಆರುತ್ತಲೇ ಇರಲಿಲ್ಲ.

"ಹುಡುಗನಿಗೆ ಇನ್ನೂ ಇಪ್ಪತ್ತಾರು. ನೋಡಿ, ದೀಪಾನೇ ಹೇಳ್ತಿದೆ!" ಎಂದು ದಲ್ಲಾಳಿ ಪುಟ್ಟಸ್ವಾಮಯ್ಯ ಬೀಗಿದರು.

ಇಂದ್ರಾಣಿ ಮುಚ್ಚಳ ಬಿಚ್ಚಿದಳು. ಕರೆಂಟು ಸರಿಯಿತ್ತು, ಆಂಪ್ಲಿಫೈಯರ್ ಚಿಪ್ಪೂ ಹೊಸದು. ಆದರೆ ಹಲ್ಲಿಯ ದನಿಯನ್ನು ಅದಕ್ಕೆ ತರುವ ಪ್ಲಸ್, ಮೈನಸ್ ವೈರುಗಳು ಅದಲುಬದಲಾಗಿದ್ದವು. ಹಲ್ಲಿ ಸುಮ್ಮನಿದ್ದರೂ ಚಿಪ್ಪು ಹೌದು ಹೌದು ಎನ್ನುತ್ತಾ ಕೂತಿತ್ತು.

"ಯಾರ್ರೀ ಇದಕ್ಕೆ ಬೆಸುಗೆ ಹಾಕಿದ್ದು?"

"ನಾನೇ ಕಣಮ್ಮ, ನಿನ್ನೆ," ಎಂದು ವಾರಿಜಳ ಅಪ್ಪ ತಲೆ ಕೆರೆದುಕೊಂಡರು.

ವೈರು ಸರಿಮಾಡಿದ್ದೇ ದೀಪ ಆರಿತು. ಪುಟ್ಟಸ್ವಾಮಯ್ಯ ಮತ್ತೊಮ್ಮೆ ವಯಸ್ಸು ಹೇಳಿದರು. ಹಲ್ಲಿ ಬಾಲವನ್ನೂ ಅಲ್ಲಾಡಿಸಲಿಲ್ಲ.

ಹುಡುಗ ಕಾಫಿ ಲೋಟ ಕೆಳಗಿಟ್ಟ. "ನಂಗೆ ಮೂವತ್ತೆಂಟು. ತಲೆ ಮೇಲಿರೋದು ವಿಗ್ಗು."

ಲೊಚ್! ದೀಪ ಝಗ್ಗನೆ ಹೊತ್ತಿ ಆರಿತು.

ವಾರಿಜ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ನಂಗೆ ಇವ್ರು ಒಂಚೂರೂ ಇಷ್ಟ ಆಗ್ಲಿಲ್ಲ," ಎಂದಳು.

ಎಲ್ಲರೂ ಗೋಡೆಯತ್ತ ತಿರುಗಿದರು. ಹಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಇಂದ್ರಾಣಿ ವೈರುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

"ಪೆಟ್ಟಿಗೆ ಸರಿಯಾಗೇ ಇದೆ ಕಣ್ರೀ," ಎಂದು ಮುಚ್ಚಳ ಹಾಕಿದಳು.