ಗೋಡೆಗೆ ಹಚ್ಚುವ ಹೆಬ್ಬೆಟ್ಟು

ಅರ್ಜಿಯ ಮೇಲಿನ ಹೆಬ್ಬೆಟ್ಟು ನಿನ್ನದೇನಾ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದಾಗ ದುರಗವ್ವ ಬ್ಯಾಂಡೇಜು ಸುತ್ತಿದ ಎಡಗೈಯನ್ನು ಸೆರಗಿನಿಂದ ಹೊರತೆಗೆದಳು. ಆಂಟಾಪ್ ಹಿಲ್ಲಿನ ದಾರೂ ಅಂಗಡಿ ಮುಚ್ಚಿಸಲು ಮತದಾನ ನಡೆಸಿರೆಂದು ಚಾಳಿನ ಹೆಂಗಸರು ಕೊಟ್ಟ ಅರ್ಜಿ ಅದು. ಅದರಲ್ಲಿನ ಸಹಿ, ಹೆಬ್ಬೆಟ್ಟುಗಳು ಅಸಲಿಯೇ ಎಂದು ಇವತ್ತು ತಪಾಸಣೆ; ಹೌದೆಂದವರು ಶಾಲೆಯ ಅಂಗಳದಲ್ಲಿ, ಎಲ್ಲರೆದುರು, ಮತ್ತೊಮ್ಮೆ ಹೆಬ್ಬೆಟ್ಟು ಒತ್ತಬೇಕಿತ್ತು.

ಶ್ರೀಮಂತ ಎಂಬ ಹೆಸರಿನ ಅಂಗಡಿ ಮಾಲೀಕ ಆ ಅರ್ಜಿಯ ಝೆರಾಕ್ಸ್ ಪಡೆದು, ಕುಡಿಯಲು ಬರುವ ಗಂಡಸರು ತಮ್ಮ ಹೆಂಡಿರ ಹೆಸರು ಓದಲೆಂದೇ ಗೋಡೆಗೆ ಹಚ್ಚಿದ್ದ. ದುರಗವ್ವನ ಗಂಡ ಓದಿಕೊಂಡು ಬಂದು, ಒತ್ತಿದ ಬೆರಳನ್ನೇ ತಿರುಚಿ ಮುರಿದಿದ್ದ. ಈಗ ಅದೇ ಝೆರಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಶ್ರೀಮಂತ ಎದುರಿಗೇ ಕೂತಿದ್ದ.

“ನಂದಲ್ಲ ಅಂದುಬಿಡವ್ವಾ. ಮತ್ತ ಮನ್ಯಾಗ ಜಗಳ ಯಾಕ?” ಎಂದ ಮೆಲ್ಲಗೆ.

ದುರಗವ್ವ ಬ್ಯಾಂಡೇಜನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಬದನೆಕಾಯಿಯಂತೆ ಊದಿದ್ದ ಹೆಬ್ಬೆರಳನ್ನು ಮಸಿಗೆ ಅದ್ದಿ, “ನಂದೇ ರೀ ಸಾಹೇಬ್ರ” ಎನ್ನುತ್ತ ಕಾಗದದ ಮೇಲೆ ಒತ್ತಿದಳು. ಕಣ್ಣಲ್ಲಿ ನೀರು ಚಿಮ್ಮಿತು, ಒರೆಸಿಕೊಳ್ಳಲಿಲ್ಲ. ಮತ್ತೊಮ್ಮೆ ಮಸಿಗೆ ಅದ್ದಿ, ನೆಟ್ಟಗೆ ಶ್ರೀಮಂತನ ಬಳಿ ಹೋಗಿ, ಅವನ ತೊಡೆಯ ಮೇಲಿದ್ದ ಝೆರಾಕ್ಸಿನ ನಟ್ಟನಡುವೆ ಬೆರಳೂರಿದಳು.

“ಇದನ್ನೂ ಗ್ವಾಡಿಗೆ ಹಚ್ಚಪಾ. ಸಂಜಿಗೆ ನನ್ನ ಗಂಡ ಬರತಾನಲ್ಲ, ಅಂವಗ ತೋರಸು.”